ಇಂಗ್ಲೆಂಡಿನ ಪಾನಗೃಹಗಳೂ ಅವುಗಳ ಸಂದರ್ಶಕರೂ: ಒಂದು ಚಾರಿತ್ರಿಕ ಸಮೀಕ್ಷೆ

೧

ಒಂದು ನಗರದ ಚರಿತ್ರೆಯನ್ನು ಬರೆಯಹೊರಟವನು ಅದರ ಕೋಟೆ, ಅರಮನೆ, ದೇವಾಲಯ, ಪುರಸಭೆಗಳ ದಾಖಲೆಗಳನ್ನು ಮೊದಲು ಹುಡುಕುತ್ತಾನೆ. ಆ ನಗರದ ಜನರು ದುಡಿಮೆ ಮುಗಿದ ಮೇಲೆ ಎಲ್ಲಿ ಕುಳಿತರು, ಏನನ್ನು ತಿಂದರು, ಏನನ್ನು ಕುಡಿದರು, ಎಷ್ಟು ಹಣ ತೆತ್ತರು, ಯಾರ ಪಕ್ಕದಲ್ಲಿ ಕುಳಿತು ಮಾತನಾಡಿದರು ಎಂಬ ಪ್ರಶ್ನೆಗಳು ಅವನ ಗಮನಕ್ಕೆ ಬರುವುದು ಕಟ್ಟಕಡೆಯಲ್ಲಿ. ಅನೇಕ ವೇಳೆ ಬರುವುದೇ ಇಲ್ಲ. ಇದಕ್ಕೆ ಆಕರಗಳ ಕೊರತೆಯೇ ಮುಖ್ಯ ಕಾರಣ. ಕೋಟೆಗೆ ಶಾಸನವುಂಟು, ದೇವಾಲಯಕ್ಕೆ ದತ್ತಿಪತ್ರವುಂಟು. ಬೀದಿಯ ಮೂಲೆಯ ಪಾನಗೃಹಕ್ಕೆ ಅಂತಹ ಆಧಾರಗಳು ದೊರೆಯುವುದು ಅಪೂರ್ವ.

ಈ ಮಾತಿಗೆ ಇಂಗ್ಲೆಂಡ್ ಬಹುಮಟ್ಟಿಗೆ ಅಪವಾದವಾಗಿದೆ. ಹದಿನೇಳನೆಯ ಶತಮಾನದಿಂದ ಈಚೆಗೆ ಅಲ್ಲಿ ಸಾಮಾನ್ಯ ಪಾನಗೃಹಗಳನ್ನೂ ಅಗ್ಗದ ಭೋಜನಗೃಹಗಳನ್ನೂ ಸಂದರ್ಶಿಸಿ, ಅವುಗಳ ಗುಣದೋಷಗಳನ್ನು ಬರೆದಿಟ್ಟವರ ಒಂದು ಪರಂಪರೆಯೇ ಬೆಳೆದುಬಂದಿದೆ. ಅವರಲ್ಲಿ ಸರಕಾರಿ ನೌಕರರಿದ್ದರು, ಹೊಟ್ಟೆಪಾಡಿಗಾಗಿ ಬರೆಯುವ ಲೇಖಕರಿದ್ದರು, ಸಮಾಜವಿಜ್ಞಾನದ ವಿದ್ಯಾರ್ಥಿಗಳಿದ್ದರು. ಒಬ್ಬ ಚರಿತ್ರಕಾರನೂ ಇದ್ದನು. ಈ ಬರಹಗಳು ಚರಿತ್ರೆಗೆ ಎಷ್ಟರಮಟ್ಟಿಗೆ ಆಕರವಾಗಬಲ್ಲವು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಇವು ಅಮೂಲ್ಯವಾದ ಆಕರಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇವೆಲ್ಲವೂ ಬಾಗಿಲು ದಾಟಿ ಒಳಗೆ ಬಂದವರ ಬರಹಗಳು. ಬಾಗಿಲಲ್ಲಿಯೇ ತಡೆಯಲ್ಪಟ್ಟವರ ಸಾಕ್ಷ್ಯ ಬೇರೆ ಕಡೆ ಇದೆ. ಅದನ್ನೂ ಕೂಡಿಸಿಕೊಂಡು ಓದದ ಹೊರತು ಈ ಚರಿತ್ರೆ ಪೂರ್ಣವಾಗಲಾರದು.

೨

ವಿಷಯವನ್ನು ಪ್ರವೇಶಿಸುವ ಮುನ್ನ ಆ ದೇಶದ ಪಾನಗೃಹಗಳ ಬಗೆಗಳನ್ನೂ ಅವುಗಳ ಕಾನೂನಿನ ನೆಲೆಯನ್ನೂ ಸ್ಥೂಲವಾಗಿ ತಿಳಿದಿರಬೇಕಾಗುತ್ತದೆ. ಹಿಂದಿನ ಇಂಗ್ಲೆಂಡಿನಲ್ಲಿ ಇವುಗಳಲ್ಲಿ ಮೂರು ಬಗೆಗಳಿದ್ದವು. ದಾರಿಹೋಕರಿಗೆ ಊಟ, ವಸತಿ, ಕುದುರೆಗೆ ಲಾಯ ಒದಗಿಸುವುದು 'ಇನ್'. ನಮ್ಮ ಛತ್ರಕ್ಕೆ ಇದನ್ನು ಹೋಲಿಸಬಹುದಾದರೂ ಇಲ್ಲಿ ಎಲ್ಲಕ್ಕೂ ಹಣ ತೆರಬೇಕು. ದ್ರಾಕ್ಷಾರಸವನ್ನು ಮಾರುವುದು 'ಟ್ಯಾವರ್ನ್'. ಇದು ಉಳ್ಳವರ ತಾಣ. ಬಾರ್ಲಿಯಿಂದ ತಯಾರಿಸಿದ ಏಲ್ ಮತ್ತು ಬಿಯರ್‌ಗಳನ್ನು ಮಾರುವುದು 'ಏಲ್‌ಹೌಸ್'. ಇದು ಬಡವರ ತಾಣ. ಎಷ್ಟೋ ವೇಳೆ ಏಲ್‌ಹೌಸೆಂದರೆ ಒಂದು ಮನೆಯ ಮುಂದಿನ ಕೋಣೆಯಷ್ಟೇ. ಈಗ 'ಪಬ್ಬು' ಎಂದು ಎಲ್ಲರೂ ಕರೆಯುವ ಸಂಸ್ಥೆ ಈ ಮೂರೂ ಬಗೆಗಳ ವಾರಸುದಾರನೆನ್ನಬಹುದು.

ಆರನೆಯ ಎಡ್ವರ್ಡನ ಕಾಲದಲ್ಲಿ, ೧೫೫೨ರಲ್ಲಿ ಆದ ಒಂದು ಶಾಸನದಂತೆ, ಸ್ಥಳೀಯ ನ್ಯಾಯಾಧಿಪತಿಗಳ ಪರವಾನಗಿಯಿಲ್ಲದೆ ಏಲ್‌ಹೌಸನ್ನು ನಡೆಸುವುದು ಅಪರಾಧವಾಯಿತು. ೧೫೭೭ರಲ್ಲಿ ಸರಕಾರ ನಡೆಸಿದ ಒಂದು ಗಣತಿಯಲ್ಲಿ, ದೇಶದ ಎಲ್ಲ ಜಿಲ್ಲೆಗಳ ಲೆಕ್ಕ ದೊರೆಯದಿದ್ದರೂ, ಏಲ್‌ಹೌಸುಗಳ ಸಂಖ್ಯೆ ೧೪,೦೦೦ವನ್ನು ಮೀರಿತ್ತು. ಮುಂದೆ ೧೮೩೦ರ ಬಿಯರ್ ಶಾಸನವು ತೆರಿಗೆ ಕೊಡುವ ಯಾವ ಗೃಹಸ್ಥನಾದರೂ ಎರಡು ಗಿನಿಗಳನ್ನು ಕಟ್ಟಿ ಬಿಯರ್ ಮಾರಬಹುದೆಂದು ವಿಧಿಸಿತು. ಆರೇ ತಿಂಗಳಲ್ಲಿ ೨೪,೦೦೦ಕ್ಕೂ ಮಿಕ್ಕಿ ಹೊಸ ಅಂಗಡಿಗಳು ತಲೆಯೆತ್ತಿದವು. ಈ ಅತಿರೇಕದಿಂದ ಎಚ್ಚೆತ್ತ ಸರಕಾರ ೧೮೬೯ರಲ್ಲಿ ಬಿಯರ್ ಅಂಗಡಿಗಳನ್ನು ಮರಳಿ ನ್ಯಾಯಾಧಿಪತಿಗಳ ಅಧಿಕಾರಕ್ಕೆ ಒಳಪಡಿಸಿತು.

ಇಲ್ಲಿ ಎರಡು ಅಂಶಗಳನ್ನು ವಾಚಕರು ನೆನಪಿನಲ್ಲಿಡಬೇಕು. ಮೊದಲನೆಯದು, ಪಾನಗೃಹವು ಖಾಸಗಿ ವ್ಯಾಪಾರವಾದರೂ ಅದರ ಬಾಗಿಲು ತೆರೆದಿರುವುದು ಸಾರ್ವಜನಿಕ ಅಧಿಕಾರಿಯೊಬ್ಬನು ಕೊಟ್ಟ ಪರವಾನಗಿಯ ಬಲದಿಂದ. ಎರಡನೆಯದು, ಇಂಗ್ಲೆಂಡಿನ ರೂಢಿಗತ ಕಾನೂನಿನಂತೆ ಇನ್ನಿನ ಯಜಮಾನನು ಸ್ಥಳವಿರುವಾಗ ಯೋಗ್ಯನಾದ ಪ್ರಯಾಣಿಕನನ್ನು ತಕ್ಕ ಕಾರಣವಿಲ್ಲದೆ ಹಿಂದಕ್ಕೆ ಕಳುಹಿಸುವಂತಿರಲಿಲ್ಲ. ಬರಿಯ ಪಾನಗೃಹದ ಯಜಮಾನನಿಗಾದರೋ ಅಂತಹ ಕಟ್ಟುಪಾಡು ಇರಲಿಲ್ಲ. ತನಗೆ ಬೇಡವಾದವನಿಗೆ ಕಾರಣ ಹೇಳದೆಯೇ ಅವನು ಪಾನೀಯವನ್ನು ನಿರಾಕರಿಸಬಹುದಾಗಿತ್ತು. ಈ ಎರಡು ಅಂಶಗಳ ಮಹತ್ವ ಮುಂದೆ ತಾನಾಗಿಯೇ ವ್ಯಕ್ತವಾಗುತ್ತದೆ.

೩

ಸಂದರ್ಶಕರ ಸಾಲಿನಲ್ಲಿ ಮೊದಲು ಸ್ಮರಿಸಬೇಕಾದವನು ಸ್ಯಾಮ್ಯುಅಲ್ ಪೀಪ್ಸ್. ನೌಕಾಖಾತೆಯ ಅಧಿಕಾರಿಯಾಗಿದ್ದ ಈತನು ೧೬೬೦ರ ಜನವರಿ ೧ರಿಂದ ೧೬೬೯ರ ಮೇ ೩೧ರವರೆಗೆ ಶೀಘ್ರಲಿಪಿಯಲ್ಲಿ ದಿನಚರಿಯನ್ನು ಬರೆದನು. ಅದನ್ನು ಬಿಡಿಸಿ ಓದಲು ಜಾನ್ ಸ್ಮಿತ್ ಎಂಬ ವಿದ್ವಾಂಸನಿಗೆ ಮೂರು ವರ್ಷಗಳು ಹಿಡಿದವು. ಅದು ಮೊದಲಬಾರಿಗೆ ಅಚ್ಚಾದುದು ೧೮೨೫ರಲ್ಲಿ. ಲಂಡನ್ನಿನ ಮಹಾಮಾರಿಗೂ ಮಹಾ ಅಗ್ನಿಪ್ರಮಾದಕ್ಕೂ ಈ ದಿನಚರಿ ಹೇಗೆ ಆಕರವೋ ಆ ನಗರದ ಪಾನಗೃಹಗಳಿಗೂ ಹಾಗೆಯೇ ಆಕರ. ನೂರಕ್ಕೂ ಮಿಗಿಲಾದ ಪಾನಗೃಹಗಳ ಹೆಸರುಗಳು ಅದರಲ್ಲಿ ಬರುತ್ತವೆ. ೧೬೬೦ರ ಸೆಪ್ಟೆಂಬರ್ ೨೫ರಂದು ತಾನು ಮೊದಲಬಾರಿಗೆ ಚಹ ಕುಡಿದುದನ್ನು ಅವನು ದಾಖಲಿಸಿದ್ದಾನೆ. ೧೬೬೩ರ ಏಪ್ರಿಲ್ ೧೦ರಂದು ಲೊಂಬಾರ್ಡ್ ಬೀದಿಯ ರಾಯಲ್ ಓಕ್ ಎಂಬ ಟ್ಯಾವರ್ನಿನಲ್ಲಿ ಒಂದು ಫ್ರೆಂಚ್ ದ್ರಾಕ್ಷಾರಸವನ್ನು ಕುಡಿದು, ಅದರ ಹೆಸರನ್ನು ತನಗೆ ಕೇಳಿಸಿದಂತೆ ಬರೆದುಕೊಂಡು, ಅದರ ರುಚಿ ಉತ್ತಮವಾದುದೆಂದೂ ಇತರ ರಸಗಳಿಗಿಂತ ವಿಲಕ್ಷಣವಾದುದೆಂದೂ ಗುರುತು ಮಾಡಿದ್ದಾನೆ. ಇಂತಿಂಥ ದ್ರಾಕ್ಷಾತೋಟದ ರಸವೆಂದು ಹೆಸರಿಟ್ಟು ಅದರ ರುಚಿಯನ್ನು ಬರೆದ ಅತ್ಯಂತ ಹಳೆಯ ಆಂಗ್ಲ ಬರಹಗಳಲ್ಲಿ ಇದೊಂದು.

ಪೀಪ್ಸನು ತನಗಾಗಿ ಬರೆದುಕೊಂಡನು. ನೆಡ್ ವಾರ್ಡ್ ಎಂಬುವನು ಮಾರಾಟಕ್ಕಾಗಿ ಬರೆದನು. ೧೬೯೮ರ ನವೆಂಬರ್‌ನಿಂದ ತಿಂಗಳಿಗೊಂದರಂತೆ ಹದಿನೆಂಟು ಸಂಚಿಕೆಗಳಲ್ಲಿ ಹೊರಬಂದ ಅವನ 'ದಿ ಲಂಡನ್ ಸ್ಪೈ' ಎಂಬ ಬರಹದಲ್ಲಿ, ಹಳ್ಳಿಗಾಡಿನಿಂದ ಬಂದವನೊಬ್ಬನು ನಗರವನ್ನು ಬಲ್ಲ ಗೆಳೆಯನೊಡನೆ ಟ್ಯಾವರ್ನು, ಕಾಫಿಗೃಹ, ಏಲ್‌ಹೌಸುಗಳನ್ನು ಹೊಕ್ಕು ಹೊರಬರುತ್ತಾನೆ. ವಾರ್ಡನದು ಹಾಸ್ಯದ, ಕೆಲವೊಮ್ಮೆ ಗ್ರಾಮ್ಯವಾದ ಬರವಣಿಗೆ. ಅವನ ಉತ್ಪ್ರೇಕ್ಷೆಗಳನ್ನು ಕಳೆದು ಓದಬೇಕು. ಮುಂದೆ ಅವನು ಸ್ವತಃ ಪಾನಗೃಹದ ಯಜಮಾನನಾದನೆಂಬುದನ್ನೂ ಮರೆಯಬಾರದು.

ಜೇಮ್ಸ್ ಬಾಸ್‌ವೆಲ್ಲನ ೧೭೬೨-೬೩ರ ಲಂಡನ್ ದಿನಚರಿ ಬಹುಕಾಲ ಅಜ್ಞಾತವಾಗಿದ್ದು ೧೯೫೦ರಲ್ಲಿ ಪ್ರಕಟವಾಯಿತು. ೧೭೬೨ರ ಡಿಸೆಂಬರ್‌ನಲ್ಲಿ ಅವನು ಗೋಮಾಂಸದ ಖಾದ್ಯಕ್ಕೆ ಹೆಸರಾದ ಡಾಲಿಯ ಭೋಜನಗೃಹಕ್ಕೆ ಹೋಗಿ, ಅಂತಹ ಸ್ಥಳಗಳ ಸೌಕರ್ಯವನ್ನು ವಿವರಿಸಿದ್ದಾನೆ. ಬೆಚ್ಚನೆಯ ವಿಶಾಲವಾದ ಕೋಣೆ. ಇಷ್ಟವಾದ ಕಡೆ ಕುಳಿತುಕೊಳ್ಳಬಹುದು. ಬೇಕಾದರೆ ಪಕ್ಕದವರೊಡನೆ ಮಾತು, ಬೇಡವಾದರೆ ಮೌನ. ಮಾಂಸ, ರೊಟ್ಟಿ, ಬಿಯರ್, ಬಡಿಸಿದವನಿಗೆ ಕೊಟ್ಟ ಕಾಸು ಎಲ್ಲವೂ ಸೇರಿ ಅವನಿಗೆ ತಗುಲಿದುದು ಒಂದು ಷಿಲಿಂಗ್. ಪರಸ್ಪರ ಪರಿಚಯವಿಲ್ಲದವರು ಒಂದೇ ಕೋಣೆಯಲ್ಲಿ ಕುಳಿತು ಉಣ್ಣುವುದು ನಗರಜೀವನದ ಒಂದು ಮುಖ್ಯ ಲಕ್ಷಣ. ಅದು ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಎಷ್ಟು ಸಹಜವಾಗಿತ್ತೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಡ. ಆದರೆ ಬಾಸ್‌ವೆಲ್ಲನು ಸ್ಕಾಟ್ಲೆಂಡಿನ ನ್ಯಾಯಾಧೀಶನೊಬ್ಬನ ಮಗ. ಅವನಿಗೆ 'ಇಷ್ಟವಾದ ಕಡೆ' ಸಿಕ್ಕ ಆಸನ ಒಬ್ಬ ಹಮಾಲಿಗೆ ಸಿಕ್ಕುತ್ತಿತ್ತೇ ಎಂಬುದನ್ನು ಅವನ ದಿನಚರಿ ಹೇಳುವುದಿಲ್ಲ.

೪

ಮೇಲಿನ ಮೂವರೂ ಅನುಷಂಗಿಕವಾಗಿ ಪಾನಗೃಹಗಳನ್ನು ಕುರಿತು ಬರೆದವರು. ನಗರದ ಭೋಜನಗೃಹಗಳನ್ನೆಲ್ಲ ಕ್ರಮವಾಗಿ ಸುತ್ತಿ, ಗ್ರಾಹಕನಿಗೆ ದಾರಿ ತೋರಿಸುವುದಕ್ಕಾಗಿಯೇ ಬರೆದ ಲಂಡನ್ನಿನ ಮೊದಲ ಕೈಪಿಡಿ ೧೮೧೫ರಲ್ಲಿ ಪ್ರಕಟವಾದ 'ದಿ ಎಪಿಕ್ಯೂರ್ಸ್ ಆಲ್ಮನಾಕ್'. ಪ್ಯಾರಿಸ್ಸಿನಲ್ಲಿ ಗ್ರಿಮೋ ದ ಲಾ ರೆನಿಯೇರ್ ಎಂಬುವನು ೧೮೦೩ರಿಂದ ಹೊರತಂದ ಭೋಜನಪ್ರಿಯರ ಪಂಚಾಂಗವೇ ಇದಕ್ಕೆ ಪ್ರೇರಣೆ. ಲಂಡನ್ನಿನ ಪುಸ್ತಕದ ಮೇಲೆ ಕರ್ತೃವಿನ ಹೆಸರಿರಲಿಲ್ಲ. ಬರೆದವನು ರಾಲ್ಫ್ ರೈಲೆನ್ಸ್ ಎಂಬ ಬಡ ಲೇಖಕನೆಂಬುದು ಪ್ರಕಾಶಕರ ದಾಖಲೆಗಳಿಂದ ತಿಳಿದುಬಂದಿದೆ. ಅವನು ೬೫೦ಕ್ಕೂ ಮಿಕ್ಕಿ ಸ್ಥಳಗಳನ್ನು ತನ್ನ ಪುಸ್ತಕದಲ್ಲಿ ಸೇರಿಸಿದನು. ಶ್ರೀಮಂತರ ಹೋಟೆಲುಗಳು ಮಾತ್ರವಲ್ಲದೆ ಹಂದಿಮಾಂಸದ ಅಂಗಡಿ, ಸೂಪಿನ ಅಂಗಡಿ, ಗಾಡಿಯವರ ಪಾನಗೃಹಗಳೂ ಅದರಲ್ಲಿವೆ. ಪುಸ್ತಕ ಮಾತ್ರ ಮಾರಾಟವಾಗಲಿಲ್ಲ. ಉಳಿದ ಪ್ರತಿಗಳನ್ನು ಪ್ರಕಾಶಕರು ನಾಶಗೊಳಿಸಿದರು. ಸುಮಾರು ಎರಡು ಶತಮಾನಗಳ ತರುವಾಯ, ೨೦೧೨ರಲ್ಲಿ, ಅದು ಟಿಪ್ಪಣಿಗಳೊಡನೆ ಮರುಮುದ್ರಣಗೊಂಡಿತು.

ಭಾರತೀಯ ವಾಚಕರಿಗೆ ಈ ಪುಸ್ತಕದ ಒಂದು ಭಾಗ ವಿಶೇಷ ಕುತೂಹಲಕರವಾಗಿದೆ. ೧೭೫೯ರಲ್ಲಿ ಪಾಟ್ನಾದಲ್ಲಿ ಹುಟ್ಟಿ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದು, ಐರ್ಲೆಂಡಿಗೆ ಹೋಗಿ ನೆಲಸಿದ್ದ ದೀನ್ ಮಹಮ್ಮದನು ಅನಂತರ ಲಂಡನ್ನಿಗೆ ಬಂದು, ೧೮೧೦ರಲ್ಲಿ ಪೋರ್ಟ್‌ಮನ್ ಚೌಕದ ಬಳಿಯ ಜಾರ್ಜ್ ಬೀದಿಯಲ್ಲಿ 'ಹಿಂದೂಸ್ತಾನೀ ಕಾಫಿಗೃಹ'ವನ್ನು ತೆರೆದನು. ಭಾರತೀಯನೊಬ್ಬನು ಆ ನಗರದಲ್ಲಿ ತೆರೆದ ಮೊದಲ ಭೋಜನಗೃಹವೆಂದು ಇದು ಪ್ರಸಿದ್ಧವಾಗಿದೆ. ರೈಲೆನ್ಸನು ಇದರ ಒಳಾಂಗಣವನ್ನು ವರ್ಣಿಸಿದ್ದಾನೆ: ಬಿದಿರಿನಿಂದ ಹೆಣೆದ ಆಸನಗಳು, ಗೋಡೆಯ ಮೇಲೆ ಏಷ್ಯದ ಚಿತ್ರಗಳು, ಮಸಾಲೆ ಬೆರೆಸಿದ ಪದಾರ್ಥಗಳು, ಅನ್ನ, ಸುವಾಸನೆಯ ಸೊಪ್ಪನ್ನು ಹುಕ್ಕಾದಲ್ಲಿ ಸೇದಲು ಪ್ರತ್ಯೇಕವಾದ ಕೋಣೆ. ಆದರೆ ಸಾಕಷ್ಟು ಗಿರಾಕಿಗಳು ದೊರೆಯದೆ ೧೮೧೨ರಲ್ಲಿಯೇ ಮಹಮ್ಮದನು ದಿವಾಳಿಯಾಗಿದ್ದನು. ಮುಂದೆ ಅವನು ಬ್ರೈಟನ್ ನಗರಕ್ಕೆ ಹೋಗಿ ಅಂಗಮರ್ದನದ ಸ್ನಾನಗೃಹವನ್ನು ನಡೆಸಿ, ಇಬ್ಬರು ರಾಜರ ಆಶ್ರಯವನ್ನು ಪಡೆದನು. ಕಾಫಿಗೃಹವಿದ್ದ ಸ್ಥಳದ ಬಳಿ ೨೦೦೫ರಲ್ಲಿ ಒಂದು ಸ್ಮಾರಕ ಫಲಕವನ್ನು ಇಡಲಾಯಿತು.

ಪುಸ್ತಕ ಸೋತಿತು, ಅದರಲ್ಲಿ ವರ್ಣಿತವಾದ ಅಂಗಡಿಯೂ ಸೋತಿತು. ಆದರೂ ಒಂದರ ನೆನಪನ್ನು ಇನ್ನೊಂದು ಉಳಿಸಿಕೊಟ್ಟಿತು. ಕಾಲದ ಓಟದಲ್ಲಿ ಅಳಿದುಹೋಗುವ ಸಾಮಾನ್ಯ ಸ್ಥಳಗಳ ವಿಷಯದಲ್ಲಿ ಒಬ್ಬ ಶ್ರದ್ಧಾವಂತ ಸಂದರ್ಶಕನ ನಾಲ್ಕು ಸಾಲುಗಳಿಗೆ ಎಷ್ಟು ಬೆಲೆಯುಂಟೆಂಬುದು ಇದರಿಂದ ಮನದಟ್ಟಾಗುತ್ತದೆ.

೫

ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಸಂದರ್ಶನದ ಉದ್ದೇಶವೇ ಬದಲಾಯಿತು. ಆಗ ಬಂದವರು ರುಚಿ ನೋಡಲು ಬಂದವರಲ್ಲ, ಜನರನ್ನು ನೋಡಲು ಬಂದವರು. ಲಿವರ್‌ಪೂಲಿನ ಹಡಗು ವ್ಯಾಪಾರಿ ಚಾರ್ಲ್ಸ್ ಬೂತನು ೧೮೮೬ರಿಂದ ಆರಂಭಿಸಿದ ಲಂಡನ್ನಿನ ಬಡತನದ ಸಮೀಕ್ಷೆ ಹದಿನೇಳು ಸಂಪುಟಗಳಾಗಿ ೧೯೦೩ರಲ್ಲಿ ಮುಗಿಯಿತು. ಪ್ರತಿಯೊಂದು ಬೀದಿಯ ಆರ್ಥಿಕ ಸ್ಥಿತಿಯನ್ನು ಕಪ್ಪಿನಿಂದ ಹಳದಿಯವರೆಗಿನ ಬಣ್ಣಗಳಿಂದ ತೋರಿಸುವ ಅವನ ಭೂಪಟಗಳು ಸುಪ್ರಸಿದ್ಧವಾಗಿವೆ. ಆ ಭೂಪಟಗಳನ್ನು ಪರಿಷ್ಕರಿಸಲು ಬೂತನ ಸಹಾಯಕರು ಪೊಲೀಸರ ಜೊತೆಯಲ್ಲಿ ಬೀದಿಬೀದಿಗಳನ್ನು ನಡೆದು ಟಿಪ್ಪಣಿಗಳನ್ನು ಬರೆದರು. ಆ ಟಿಪ್ಪಣಿಪುಸ್ತಕಗಳಲ್ಲಿ ಪಾನಗೃಹಗಳೂ ಅವುಗಳ ಗಿರಾಕಿಗಳೂ ಮತ್ತೆ ಮತ್ತೆ ಬರುತ್ತವೆ. ಅವನ್ನು ಬಳಸುವವನು ಒಂದು ಎಚ್ಚರಿಕೆಯನ್ನು ವಹಿಸಬೇಕು: ಪೊಲೀಸಿನವನ ಪಕ್ಕದಲ್ಲಿ ನಡೆಯುವವನಿಗೆ ಬೀದಿಯು ಪೊಲೀಸಿನವನ ಕಣ್ಣಿನಲ್ಲಿಯೇ ಕಾಣುತ್ತದೆ.

ಈ ದೋಷವನ್ನು ನಿವಾರಿಸಲು ಯತ್ನಿಸಿದುದು ೧೯೩೭ರಲ್ಲಿ ಸ್ಥಾಪಿತವಾದ 'ಮಾಸ್ ಅಬ್ಸರ್ವೇಷನ್' ಎಂಬ ಸಂಸ್ಥೆ. ಅದರ ಸ್ಥಾಪಕರಲ್ಲಿ ಒಬ್ಬನಾದ ಟಾಮ್ ಹ್ಯಾರಿಸನ್ನನು ಪೆಸಿಫಿಕ್ ಸಾಗರದ ದ್ವೀಪಗಳ ಮೂಲನಿವಾಸಿಗಳ ನಡುವೆ ಇದ್ದು ಬಂದವನು. ದೂರದ ಜನಾಂಗಗಳನ್ನು ಅಧ್ಯಯನ ಮಾಡಲು ಬಳಸಿದ ವಿಧಾನವನ್ನು ತನ್ನ ಸ್ವದೇಶದ ಕಾರ್ಮಿಕರ ಮೇಲೆಯೇ ಏಕೆ ಪ್ರಯೋಗಿಸಬಾರದೆಂದು ಅವನು ಕೇಳಿದನು. ಅದಕ್ಕಾಗಿ ಆರಿಸಿಕೊಂಡದ್ದು ಲ್ಯಾಂಕಷೈರಿನ ಹತ್ತಿಗಿರಣಿಗಳ ಊರಾದ ಬೋಲ್ಟನ್. ಅಲ್ಲಿ ಸುಮಾರು ೩೦೦ ಪಬ್ಬುಗಳಿದ್ದವು. ವೀಕ್ಷಕರು ತಮ್ಮ ಉದ್ದೇಶವನ್ನು ಪ್ರಕಟಪಡಿಸದೆ ಗಿರಾಕಿಗಳಂತೆಯೇ ಒಳಹೊಕ್ಕು, ಯಾರು ಎಲ್ಲಿ ಕುಳಿತರು, ಏನು ಮಾತನಾಡಿದರು, ಯಾವ ಆಟವಾಡಿದರು ಎಂಬುದನ್ನು ಬರೆದುಕೊಂಡರು; ಲೋಟ ಬರಿದಾಗಲು ಹಿಡಿಯುವ ಕಾಲವನ್ನು ಗಡಿಯಾರ ಹಿಡಿದು ಅಳೆದರು. ಇದೆಲ್ಲದರ ಫಲವಾದ 'ದಿ ಪಬ್ ಅಂಡ್ ದಿ ಪೀಪಲ್' ಎಂಬ ಗ್ರಂಥ ೧೯೪೩ರಲ್ಲಿ ಪ್ರಕಟವಾಯಿತು. ಅದರ ಬಹುಭಾಗವನ್ನು ಬರೆದವನು ಕಾದಂಬರಿಕಾರ ಜಾನ್ ಸಾಮರ್‌ಫೀಲ್ಡ್.

ಈ ಗ್ರಂಥದಿಂದ ತಿಳಿದುಬರುವ ಮುಖ್ಯ ಸಂಗತಿಗಳು ಎರಡು. ಮೊದಲನೆಯದಾಗಿ, ಜನರು ಪಬ್ಬಿಗೆ ಹೋಗುತ್ತಿದ್ದುದು ಕುಡಿತಕ್ಕಾಗಿ ಮಾತ್ರವೇ ಅಲ್ಲ. ಒಟ್ಟಿಗೆ ಕುಳಿತವರು ಸರದಿಯ ಮೇಲೆ ಎಲ್ಲರಿಗೂ ಕೊಂಡುಕೊಡುತ್ತಿದ್ದುದರಿಂದ ಅವರ ಲೋಟಗಳು ಹೆಚ್ಚು ಕಡಮೆ ಏಕಕಾಲದಲ್ಲಿ ಬರಿದಾಗುತ್ತಿದ್ದವು. ಕುಡಿಯುವ ವೇಗವನ್ನು ನಿರ್ಧರಿಸುತ್ತಿದ್ದುದು ಬಾಯಾರಿಕೆಗಿಂತ ಹೆಚ್ಚಾಗಿ ಜೊತೆಗಾರಿಕೆ. ಮನೆ ಮತ್ತು ಕಾರ್ಖಾನೆಗಳನ್ನು ಬಿಟ್ಟರೆ ಊರಿನ ಅತಿ ಹೆಚ್ಚು ಜನರು ಅತಿ ಹೆಚ್ಚು ಕಾಲವನ್ನು ಕಳೆಯುತ್ತಿದ್ದ ಸಂಸ್ಥೆ ಪಬ್ಬೇ ಎಂದು ಗ್ರಂಥಕರ್ತರು ನಿರ್ಣಯಿಸಿದರು. ಎರಡನೆಯದಾಗಿ, ಒಂದೇ ಸೂರಿನ ಕೆಳಗೆ ಹಲವು ಕೋಣೆಗಳಿದ್ದವು. ಪ್ರತಿಯೊಂದು ಕೋಣೆಗೂ ಬರೆಯದ ಕಾನೂನು ಇತ್ತು. 'ವಾಲ್ಟ್' ಮತ್ತು 'ಟ್ಯಾಪ್‌ರೂಮ್' ಎಂಬ ಕೋಣೆಗಳು ಕೆಲಸದ ಬಟ್ಟೆಯಲ್ಲಿಯೇ ಬರುವ ಗಂಡಸರಿಗೆ ಮೀಸಲು. ಹೆಂಗಸರು ಅಲ್ಲಿಗೆ ಹೋಗುವಂತಿರಲಿಲ್ಲ. 'ಲೌಂಜ್' ಅಥವಾ ಒಳ್ಳೆಯ ಕೋಣೆಯಲ್ಲಿ ಮೆತ್ತನೆಯ ಆಸನ, ಹಲವೆಡೆ ಪಿಯಾನೋ. ಹೆಂಗಸರಿಗೂ ಅಲ್ಲಿ ಅವಕಾಶ. ಅಲ್ಲಿ ಅದೇ ಬಿಯರಿಗೆ ಒಂದು ಪೆನ್ನಿ ಹೆಚ್ಚು. ಒಂದು ಪೆನ್ನಿಯ ಅಂತರದಿಂದ ಒಂದು ಸಮಾಜದ ಅಂತಸ್ತುಗಳನ್ನು ಓದಬಹುದೆಂಬುದನ್ನು ಬೋಲ್ಟನ್ನಿನ ವೀಕ್ಷಕರು ತೋರಿಸಿಕೊಟ್ಟರು.

೬

ಎರಡನೆಯ ಮಹಾಯುದ್ಧದ ಬಳಿಕ ಸಾಮಾನ್ಯ ಗ್ರಾಹಕನೇ ವಿಮರ್ಶಕನಾದನು. ೧೯೫೧ರಲ್ಲಿ ರೇಮಂಡ್ ಪೋಸ್ಟ್‌ಗೇಟನು 'ದಿ ಗುಡ್ ಫುಡ್ ಗೈಡ್' ಎಂಬ ಕೈಪಿಡಿಯನ್ನು ಹೊರತಂದನು. ಆಹಾರದ ಪಡಿತರ ಪದ್ಧತಿ ಇನ್ನೂ ಕೊನೆಗೊಳ್ಳದಿದ್ದ ಕಾಲ ಅದು. ಯುದ್ಧದ ನೆಪದಲ್ಲಿ ಹೋಟೆಲುಗಳು ನೀರಸವಾದ ಊಟವನ್ನು ದುಬಾರಿ ಬೆಲೆಗೆ ಬಡಿಸುತ್ತಿದ್ದುವೆಂಬ ದೂರು ಎಲ್ಲೆಡೆಯಲ್ಲಿಯೂ ಇತ್ತು. ದೇಶದ ನಾನಾ ಭಾಗಗಳ ವಾಚಕರು ಸ್ವಂತ ಹಣದಿಂದ ಉಂಡು ಕಳುಹಿಸಿದ ವರದಿಗಳನ್ನು ಪೋಸ್ಟ್‌ಗೇಟನು ಶೋಧಿಸಿ ಪ್ರಕಟಿಸಿದನು. ಹೋಟೆಲಿನವರಿಂದ ಉಚಿತ ಊಟವನ್ನಾಗಲಿ ಜಾಹೀರಾತನ್ನಾಗಲಿ ಸ್ವೀಕರಿಸಕೂಡದೆಂಬುದು ಅದರ ನಿಯಮವಾಗಿತ್ತು.

ಚರಿತ್ರೆಯ ವಿದ್ಯಾರ್ಥಿಗಳಿಗೆ ಪೋಸ್ಟ್‌ಗೇಟನ ಹೆಸರು ಬೇರೊಂದು ಕಾರಣದಿಂದ ಪರಿಚಿತವಾಗಿರಬಹುದು. ಜಿ. ಡಿ. ಎಚ್. ಕೋಲ್‌ರೊಡನೆ ಸೇರಿ ೧೯೩೮ರಲ್ಲಿ 'ದಿ ಕಾಮನ್ ಪೀಪಲ್' ಎಂಬ, ಇಂಗ್ಲೆಂಡಿನ ಸಾಮಾನ್ಯ ಜನರ ಚರಿತ್ರೆಯನ್ನು ಬರೆದವನೂ ಇವನೇ. ಈ ಎರಡು ಕೆಲಸಗಳಿಗೆ ಸಂಬಂಧವಿಲ್ಲವೆಂದು ತೋರಬಹುದು. ಆದರೆ ಹೆಸರಿಲ್ಲದ ಬಹುಜನರ ಅನುಭವವನ್ನು ಕಲೆಹಾಕಿ, ಒಂದರೊಡನೊಂದನ್ನು ಹೋಲಿಸಿ, ಅದರಿಂದ ಸತ್ಯವನ್ನು ಕಾಣಬಹುದೆಂಬ ನಂಬಿಕೆ ಎರಡಕ್ಕೂ ಸಮಾನವಾಗಿದೆ. ಮುಂದೆ ೧೯೭೧ರಲ್ಲಿ ಸಾಂಪ್ರದಾಯಿಕ ಬಿಯರಿನ ರಕ್ಷಣೆಗಾಗಿ ಹುಟ್ಟಿದ ಗ್ರಾಹಕರ ಚಳವಳಿ ತನ್ನ ಸ್ವಯಂಸೇವಕರ ವರದಿಗಳನ್ನು ಆಧರಿಸಿ ಪಬ್ಬುಗಳ ಕೈಪಿಡಿಯನ್ನು ಪ್ರಕಟಿಸತೊಡಗಿದಾಗ, ಪೋಸ್ಟ್‌ಗೇಟನ ವಿಧಾನವೇ ಬೀದಿಯ ಮೂಲೆಯ ಪಾನಗೃಹಕ್ಕೂ ಅನ್ವಯಿಸಿತು.

೭

ಈವರೆಗೆ ಹೇಳಿದ ಎಲ್ಲ ಸಂದರ್ಶಕರಲ್ಲಿಯೂ ಒಂದು ಸಾಮ್ಯವಿದೆ: ಅವರೆಲ್ಲರೂ ನಿರಾತಂಕವಾಗಿ ಒಳಗೆ ಹೋದರು. ಊಟ ಕೆಟ್ಟದಾಗಿದ್ದರೆ ದೂರು ಬರೆದರು. ಆದರೆ ಊಟ ಹೇಗಿತ್ತೆಂದು ಹೇಳುವ ಅವಕಾಶವೇ ಇಲ್ಲದವರೂ ಅದೇ ನಗರಗಳಲ್ಲಿದ್ದರು.

೧೯೪೩ರಲ್ಲಿ ವೆಸ್ಟ್ ಇಂಡೀಸ್‌ನ ಖ್ಯಾತ ಕ್ರಿಕೆಟ್ ಆಟಗಾರ ಲಿಯರಿ ಕಾನ್‌ಸ್ಟಂಟೈನ್‌ಗೆ ಲಂಡನ್ನಿನ ಇಂಪೀರಿಯಲ್ ಹೋಟೆಲು, ಮೊದಲೇ ಕೋಣೆ ಗೊತ್ತುಮಾಡಿದ್ದರೂ, ವಸತಿಯನ್ನು ನಿರಾಕರಿಸಿತು. ಅವರು ನ್ಯಾಯಾಲಯಕ್ಕೆ ಹೋಗಿ ೧೯೪೪ರಲ್ಲಿ ಗೆದ್ದರು. ದೊರೆತ ಪರಿಹಾರ ಐದು ಗಿನಿಗಳು. ಅವರು ಗೆಲ್ಲಲು ಸಾಧ್ಯವಾದುದು, ಪ್ರಯಾಣಿಕನನ್ನು ತಿರಸ್ಕರಿಸುವಂತಿಲ್ಲವೆಂದು ಇನ್ನಿನ ಯಜಮಾನನಿಗೆ ಹಳೆಯ ರೂಢಿಗತ ಕಾನೂನು ವಿಧಿಸಿದ್ದ ಕಟ್ಟುಪಾಡಿನಿಂದ. ಪಬ್ಬಿನ ಬಾಗಿಲಲ್ಲಿ ನಿಂತವನಿಗೆ ಆ ರಕ್ಷಣೆಯೂ ಇರಲಿಲ್ಲ.

ಯುದ್ಧಾನಂತರ ಬರ್ಮಿಂಗ್‌ಹ್ಯಾಮಿನ ಪಕ್ಕದ ಸ್ಮೆದಿಕ್ ಪಟ್ಟಣದ ಎರಕದ ಕಾರ್ಖಾನೆಗಳಲ್ಲಿ ಕೆಲಸ ಮಾಡಲು ಪಂಜಾಬಿನಿಂದ ಅನೇಕರು ಬಂದರು. ಬಿಸಿಲೋಹದ ಮುಂದೆ ದಿನವೆಲ್ಲ ದುಡಿದ ಆ ಕಾರ್ಮಿಕರನ್ನು ಅಲ್ಲಿನ ಹಲವು ಪಬ್ಬುಗಳು ಸಾಮಾನ್ಯ ಬಾರಿನಲ್ಲಿ ಮಾತ್ರ ಸೇರಿಸುತ್ತಿದ್ದವು. ಲೌಂಜಿನಲ್ಲಿ ಅವರಿಗೆ ಎಡೆಯಿರಲಿಲ್ಲ. ಕೆಲವು ಪಬ್ಬುಗಳು ಅವರನ್ನು ಒಳಗೇ ಬಿಡುತ್ತಿರಲಿಲ್ಲ. ಬೋಲ್ಟನ್ನಿನಲ್ಲಿ ಒಂದು ಪೆನ್ನಿಯಿಂದ ಗುರುತಾಗಿದ್ದ ಗೆರೆ ಇಲ್ಲಿ ಮೈಬಣ್ಣದಿಂದ ಗುರುತಾಯಿತು. ಪೆನ್ನಿಯನ್ನಾದರೆ ಹಬ್ಬದ ದಿನ ಕೂಡಿಟ್ಟು ತೆರಬಹುದು. ಮೈಬಣ್ಣಕ್ಕೆ ಅಂತಹ ಉಪಾಯವಿಲ್ಲ.

ಇದನ್ನು ಎದುರಿಸಲು ಭಾರತೀಯ ಕಾರ್ಮಿಕ ಸಂಘವು ಕೈಗೊಂಡ ಕ್ರಮ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಎರಕದ ಕಾರ್ಖಾನೆಯ ಕಾರ್ಮಿಕನೂ ಸಂಘದ ನಾಯಕನೂ ಆಗಿದ್ದ ಅವತಾರ್ ಸಿಂಗ್ ಜೌಹಲ್‌ರ ಮುಂದಾಳುತನದಲ್ಲಿ ಭಾರತೀಯರೂ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಬಿಳಿಯ ವಿದ್ಯಾರ್ಥಿಗಳೂ ಪಬ್ಬಿನಿಂದ ಪಬ್ಬಿಗೆ ಹೋದರು. ಬಿಳಿಯನಿಗೆ ಬಿಯರ್ ದೊರೆತು, ಅವನ ಜೊತೆಗಾರನಾದ ಭಾರತೀಯನಿಗೆ ನಿರಾಕರಣೆ ದೊರೆತರೆ, ಭೇದನೀತಿ ಕಣ್ಣೆದುರಿಗೆ ರುಜುವಾತಾಯಿತು. ಈ ಸಾಕ್ಷ್ಯವನ್ನು ಹಿಡಿದು ಪರವಾನಗಿಯ ನವೀಕರಣಕ್ಕೆ ನ್ಯಾಯಾಧಿಪತಿಗಳ ಮುಂದೆ ಆಕ್ಷೇಪಣೆ ಎತ್ತಲಾಯಿತು. ೧೫೫೨ರಲ್ಲಿ ಕುಡುಕರ ಗಲಭೆಯನ್ನು ಹತ್ತಿಕ್ಕಲು ಹುಟ್ಟಿದ ಪರವಾನಗಿ ಪದ್ಧತಿ, ನಾಲ್ಕು ಶತಮಾನಗಳ ಅನಂತರ ಸಮಾನತೆಯನ್ನು ಕೇಳುವವರ ಕೈಯಲ್ಲಿ ಸಾಧನವಾಯಿತು.

ಅಮೆರಿಕದ ಕರಿಯರ ನಾಯಕ ಮಾಲ್ಕಮ್ ಎಕ್ಸ್, ೧೯೬೫ರ ಫೆಬ್ರವರಿ ೧೨ರಂದು ಸ್ಮೆದಿಕ್ಕಿಗೆ ಬಂದು, ಜೌಹಲ್‌ರೊಡನೆ ಬ್ಲೂ ಗೇಟ್ಸ್ ಎಂಬ ಪಬ್ಬಿಗೆ ಹೋದರು. ಒಳಕೋಣೆಯಲ್ಲಿ ಅವರಿಗೆ ಪಾನೀಯವನ್ನು ಕೊಡಲಿಲ್ಲ. ಸಾಮಾನ್ಯ ಬಾರಿನಲ್ಲಿ ಕೊಟ್ಟರು. ಒಂಬತ್ತು ದಿನಗಳ ಬಳಿಕ ನ್ಯೂಯಾರ್ಕಿನಲ್ಲಿ ಅವರ ಕೊಲೆಯಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಅಂಗೀಕರಿಸಿದ ಜನಾಂಗ ಸಂಬಂಧಗಳ ಶಾಸನವು ಹೋಟೆಲು, ಭೋಜನಗೃಹ, ಪಬ್ಬು ಮುಂತಾದ ಸಾರ್ವಜನಿಕ ಸ್ಥಳಗಳಲ್ಲಿ ಬಣ್ಣ, ಜನಾಂಗಗಳ ಕಾರಣದಿಂದ ಭೇದವೆಣಿಸುವುದನ್ನು ಕಾನೂನುಬಾಹಿರಗೊಳಿಸಿತು. ಹೆಂಗಸರ ಪಾಡು ಇನ್ನೂ ನಿಧಾನವಾಗಿ ಬದಲಾಯಿತು. ಪತ್ರಿಕಾಲಯಗಳಿಗೆ ಹೆಸರಾದ ಲಂಡನ್ನಿನ ಫ್ಲೀಟ್ ಬೀದಿಯ ಎಲ್ ವಿನೋ ಎಂಬ ಮದ್ಯಗೃಹದಲ್ಲಿ ಹೆಂಗಸರು ಬಾರಿನ ಬಳಿ ನಿಂತು ಕೇಳಿದರೆ ಕೊಡುತ್ತಿರಲಿಲ್ಲ. ಅವರು ಒಳಗೆ ಹೋಗಿ ಮೇಜಿನ ಬಳಿ ಕುಳಿತುಕೊಳ್ಳಬೇಕಾಗಿತ್ತು. ಲಿಂಗಭೇದ ನಿಷೇಧದ ಶಾಸನ ೧೯೭೫ರಲ್ಲಿಯೇ ಬಂದಿದ್ದರೂ, ಈ ಪದ್ಧತಿ ಅಕ್ರಮವೆಂದು ಮೇಲ್ಮನವಿಯ ನ್ಯಾಯಾಲಯ ತೀರ್ಪಿತ್ತುದು ೧೯೮೨ರಲ್ಲಿ.

ಸ್ಮೆದಿಕ್ಕಿನ ಕಾರ್ಮಿಕರ ಸಂದರ್ಶನಗಳನ್ನು ಪೋಸ್ಟ್‌ಗೇಟನ ವಾಚಕರ ಸಂದರ್ಶನಗಳೊಡನೆ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಎರಡೂ ಸಾಮಾನ್ಯ ಗ್ರಾಹಕರು ಸ್ವಂತ ಅನುಭವದಿಂದ ಮಾಡಿದ ಪರೀಕ್ಷೆಗಳೇ. ಒಂದು ಬಡಿಸಿದ ವಸ್ತುವಿನ ಪರೀಕ್ಷೆ, ಇನ್ನೊಂದು ಬಡಿಸುವವನ ಪರೀಕ್ಷೆ. ಕೈಪಿಡಿಗಳಲ್ಲಿ ಎರಡನೆಯದಕ್ಕೆ ಸ್ಥಳವಿಲ್ಲ. ಅದು ಉಳಿದಿರುವುದು ಸಂಘಗಳ ಕಾಗದಪತ್ರಗಳಲ್ಲಿ, ಪಾಲುಗೊಂಡವರ ನೆನಪುಗಳಲ್ಲಿ. ಕೈಪಿಡಿಯೊಂದನ್ನೇ ನಂಬಿದ ಚರಿತ್ರಕಾರನಿಗೆ ಆ ಕಾಲದ ಪಬ್ಬು ಎಲ್ಲರನ್ನೂ ಆದರಿಸುವ ಬೆಚ್ಚನೆಯ ಮನೆಯಾಗಿಯೇ ಕಾಣುತ್ತದೆ. ಈ ಚರಿತ್ರೆಗೆ ಒಂದು ಉಪಸಂಹಾರವೂ ಉಂಟು: ಅದೇ ಪ್ರದೇಶದಲ್ಲಿ ಈಗ ಪಂಜಾಬಿ ಮೂಲದವರು ನಡೆಸುವ, ಬಿಯರಿನೊಡನೆ ಪಂಜಾಬಿ ಅಡುಗೆಯನ್ನೂ ಬಡಿಸುವ 'ದೇಸಿ ಪಬ್ಬು'ಗಳು ಎಲ್ಲ ಬಣ್ಣದ ಗಿರಾಕಿಗಳಿಂದಲೂ ತುಂಬಿರುತ್ತವೆ.

೮

ಪರದೇಶದ ಈ ಕಥನದಿಂದ ನಮ್ಮ ನಾಡಿನ ಚರಿತ್ರೆಯ ವಿದ್ಯಾರ್ಥಿಗಳು ಕಲಿಯಬೇಕಾದುದೇನು? ನಮ್ಮ ಸಂವಿಧಾನದ ೧೫ನೆಯ ಅನುಚ್ಛೇದದ ಎರಡನೆಯ ಉಪವಾಕ್ಯವು ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳನ್ನು ಹೆಸರಿಸಿಯೇ, ಧರ್ಮ, ಜಾತಿ, ಲಿಂಗ ಮೊದಲಾದ ಕಾರಣಗಳಿಂದ ಯಾವ ಪ್ರಜೆಗೂ ಅಲ್ಲಿ ಪ್ರವೇಶವನ್ನು ತಡೆಯಕೂಡದೆಂದು ವಿಧಿಸಿತು. ಇದು ೧೯೫೦ರಲ್ಲಿ, ಬ್ರಿಟನ್ನಿನ ಶಾಸನಕ್ಕಿಂತ ಹದಿನೈದು ವರ್ಷ ಮೊದಲು. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಶಾಸನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಉಪಾಹಾರಗೃಹದ ಪಾತ್ರೆಗಳ ಬಳಕೆಯಲ್ಲಿ ಭೇದ ಮಾಡುವುದನ್ನೂ ಶಿಕ್ಷಾರ್ಹಗೊಳಿಸಿತು. ಸಂವಿಧಾನವನ್ನು ರಚಿಸಿದವರು ಹೋಟೆಲಿನ ಬಾಗಿಲನ್ನೂ ಶಾಸನವನ್ನು ರಚಿಸಿದವರು ಕಾಫಿಯ ಲೋಟವನ್ನೂ ಹೆಸರು ಹಿ ಡಿದು ಹೇಳಬೇಕಾಯಿತೆಂಬುದೇ ಆ ಬಾಗಿಲು ಹೇಗಿತ್ತು, ಆ ಲೋಟ ಹೇಗಿತ್ತು ಎಂಬುದಕ್ಕೆ ಸಾಕ್ಷಿಯಾಗಿದೆ.

ಹಳೆಯ ಮೈಸೂರು ಸೀಮೆಯ ಪಟ್ಟಣಗಳ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಪಂಕ್ತಿಯಿದ್ದುದು ಹಿರಿಯರ ನೆನಪಿನಲ್ಲಿ ಉಳಿದುಬಂದ ಸಂಗತಿ. ಹೋಟೆಲಿನ ಹೆಸರಿನಲ್ಲಿಯೇ ಜಾತಿಯ ಸೂಚನೆಯಿರುವುದು ಆ ಕಾಲದ ವಾಡಿಕೆಯಾಗಿತ್ತು. ಬೆಂಗಳೂರಿನ ಸುಪ್ರಸಿದ್ಧವಾದ ಮಾವಳ್ಳಿ ಟಿಫಿನ್ ರೂಮ್ ಕೂಡ ೧೯೨೪ರಲ್ಲಿ 'ಬ್ರಾಹ್ಮಣ ಕಾಫಿ ಕ್ಲಬ್' ಎಂಬ ಹೆಸರಿನಿಂದಲೇ ಆರಂಭವಾಯಿತು. ಉಡುಪಿಯ ಕಡೆಯಿಂದ ಬಂದವರು ಕಟ್ಟಿದ ಉಪಾಹಾರಗೃಹಗಳು, ಮಾಂಸಾಹಾರದ ಮಿಲಿಟರಿ ಹೋಟೆಲುಗಳು, ಹೆಂಡ ಸಾರಾಯಿಗಳ ಅಂಗಡಿಗಳು, ದಂಡುಪ್ರದೇಶದ ಬಾರುಗಳು, ೧೯೮೦ರ ದಶಕದಲ್ಲಿ ಹುಟ್ಟಿದ ದರ್ಶಿನಿಗಳು: ಇವೆಲ್ಲವುಗಳಲ್ಲಿಯೂ ನಮ್ಮ ನಗರಜೀವನದ ಚರಿತ್ರೆ ಅಡಗಿದೆ. ಇವುಗಳ ದೋಸೆ ಕಾಫಿಗಳ ರುಚಿಯನ್ನು ಕೊಂಡಾಡಿದ ಬರಹಗಳಿಗೆ ಕೊರತೆಯಿಲ್ಲ. ಯಾರು ಯಾವ ಬಾಗಿಲಿನಿಂದ ಬಂದರು, ಯಾರು ನಿಂತೇ ಕುಡಿದರು, ಯಾರ ಲೋಟ ಬೇರೆ ಇತ್ತು, ಹೆಂಗಸರು ಒಬ್ಬರೇ ಬಂದು ಕುಳಿತುಕೊಳ್ಳಲು ಎಂದಿನಿಂದ ಸಾಧ್ಯವಾಯಿತು ಎಂಬ ಪ್ರಶ್ನೆಗಳನ್ನು ಹಿಡಿದು ಮಾಡಬೇಕಾದ ಕೆಲಸ ಬಹಳಷ್ಟು ಉಳಿದಿದೆ.

ಈ ಕೆಲಸಕ್ಕೆ ದೊಡ್ಡ ಅನುದಾನವಾಗಲಿ ದೂರದ ದಫ್ತರಖಾನೆಯಾಗಲಿ ಬೇಕಿಲ್ಲ. ಕಾಲೇಜಿನ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹಳೆಯ ಹೋಟೆಲುಗಳಿಗೆ ಹೋಗಿ, ದರಪಟ್ಟಿ, ಪರವಾನಗಿ, ಫಲಕ, ಛಾಯಾಚಿತ್ರಗಳನ್ನು ಸಂಗ್ರಹಿಸಬಹುದು. ಯಜಮಾನರನ್ನೂ ಮಾಣಿಗಳನ್ನೂ ಮಾತನಾಡಿಸಬಹುದು. ಅಷ್ಟೇ ಮುಖ್ಯವಾಗಿ, ಅದೇ ಬೀದಿಯಲ್ಲಿ ಬಾಳಿಯೂ ಆ ಹೋಟೆಲಿನೊಳಗೆ ಕಾಲಿಡಲಾರದೆ ಹೋದ ವೃದ್ಧರನ್ನು ಹುಡುಕಿ ಅವರ ಮಾತನ್ನು ಬರೆದುಕೊಳ್ಳಬೇಕು. ಕಟ್ಟಡ ಉರುಳಿದರೂ ಅದರ ಪರವಾನಗಿಯ ಕಾಗದ ಎಲ್ಲಾದರೂ ಉಳಿದೀತು. ಈ ವೃದ್ಧರ ನೆನಪು ಅವರೊಡನೆಯೇ ಹೋಗುತ್ತದೆ. ಅಧ್ಯಾಪಕ ಮಿತ್ರರು ಈ ವರ್ಷವೇ ತಮ್ಮ ವಿದ್ಯಾರ್ಥಿಗಳನ್ನು ಈ ಕಾರ್ಯಕ್ಕೆ ತೊಡಗಿಸುವರೆಂದು ಆಶಿಸುತ್ತೇನೆ.